ಬೈಲಕುಪ್ಪೆಯ ಗೋಡೆ ಮೇಲಿನ ಕುಂಬಾರ: ಬೌದ್ಧರ ಸಂಸ್ಕಾರ, ಜೈನರ ಕರ್ಮ, ನಮ್ಮಜ್ಜಿಯ ಸಂಸ್ಕಾರ

ಆಲೆಮನೆ ಹುಡುಗ (ಮಂಡ್ಯ), ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹೋದ ವಾರ ಮನೆಯವರನ್ನೂ ಮಗಳನ್ನೂ ಕರೆದುಕೊಂಡು ಬೈಲಕುಪ್ಪೆಗೆ ಹೋಗಿದ್ದೆ. ಎಲ್ಲರ ಹಾಗೆ ಚಿನ್ನದ ಬಣ್ಣದ ಬುದ್ಧರ ಮುಂದೆ ಫೋಟೋ ಹೊಡೆಸಿಕೊಂಡು, ಮೊಮೊ ತಿಂದು, ಇನ್ನೇನು ಹೊರಡಬೇಕು ಅನ್ನುವಾಗ ಒಂದು ಮಠದ ಬಾಗಿಲ ಪಕ್ಕದ ಗೋಡೆ ಮೇಲೆ ದೊಡ್ಡ ಚಕ್ರದ ಚಿತ್ರ ಕಂಡಿತು. ಕೋರೆಹಲ್ಲಿನ ರಾಕ್ಷಸನೊಬ್ಬ ಆ ಚಕ್ರವನ್ನು ಕಚ್ಚಿ ಹಿಡಿದಿದ್ದಾನೆ. ನಡುವೆ ಹಂದಿ, ಹಾವು, ಹುಂಜ. ಅಂಚಿನ ಸುತ್ತ 12 ಪುಟ್ಟ ಚಿತ್ರಗಳು. ಮೊದಲನೆಯದರಲ್ಲಿ ಕೋಲೂರಿಕೊಂಡು ಹೋಗುವ ಕುರುಡ. ಎರಡನೆಯದರಲ್ಲಿ ಮಡಕೆ ಮಾಡುತ್ತಿರುವ ಕುಂಬಾರ. ಮಗಳು ಅಲ್ಲೇ ನಿಂತುಬಿಟ್ಟಳು. ನಮ್ಮೂರ ಕುಂಬಾರರ ಬೀದಿಯಲ್ಲಿ ತಿಗರಿ ತಿರುಗುವುದನ್ನು ನೋಡಿದ್ದಾಳೆ, ಅದಕ್ಕೆ.

ಅಲ್ಲಿದ್ದ ಒಬ್ಬ ಭಿಕ್ಷು ಚೆನ್ನಾಗಿ ಕನ್ನಡ ಮಾತಾಡುತ್ತಿದ್ದರು. ಕುರುಡ ಅಂದರೆ ಅವಿದ್ಯೆ, ಕುಂಬಾರ ಅಂದರೆ ಸಂಸ್ಕಾರ, ಹೀಗೆ ಒಂದರಿಂದ ಇನ್ನೊಂದು ಹುಟ್ಟುತ್ತಾ ಹೋಗುವ ಸರಪಳಿ ಅಂದರು. "ಇದು ನಿಂತರೆ ಮುಂದಿನದೆಲ್ಲ ನಿಲ್ಲುತ್ತೆ" ಅಂತಲೂ ಹೇಳಿದರು. ನನಗೆ ತಲೆ ಕೆಟ್ಟಿದ್ದು ಇಲ್ಲೇ. ನಮ್ಮಜ್ಜಿಯ ಬಾಯಲ್ಲಿ "ಸಂಸ್ಕಾರ ಇಲ್ದೋನು" ಅನ್ನುವುದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಮಕ್ಕಳಿಗೆ ಸಂಸ್ಕಾರ ಕೊಡಿ ಅಂತ ಶಾಲೆಯ ಗೋಡೆಯಲ್ಲೂ ಬರೆದಿರುತ್ತಾರೆ. ಎಲ್ಲರೂ ಬೇಕು ಬೇಕು ಅನ್ನುವುದನ್ನು ಬುದ್ಧ ಯಾಕೆ ನಿಲ್ಲಿಸಿ ಅಂದ? ಜೈನರಲ್ಲೂ ಹೀಗೇ ಇದೆಯಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ರಸಬಾಳೆ (ನಂಜನಗೂಡು), ರಾತ್ರಿ 9:58

ಅಣ್ಣ, ಅಂತ್ಯಸಂಸ್ಕಾರ, ಆಹಾರ ಸಂಸ್ಕರಣೆ, ಕೊಳಚೆ ನೀರಿನ ಸಂಸ್ಕರಣಾ ಘಟಕ. ಇವನ್ನೂ ಸೇರಿಸಿಕೊಳ್ಳಿ. ಒಂದೇ ಪದ ಸ್ಮಶಾನಕ್ಕೂ ಹೋಗುತ್ತೆ, ಹಪ್ಪಳದ ಫ್ಯಾಕ್ಟರಿಗೂ ಹೋಗುತ್ತೆ.

ಪಾಳಿ ಓದುಗ (ಮೈಸೂರು), ರಾತ್ರಿ 10:35

ರಸಬಾಳೆಯವರು ತಮಾಷೆಗೆ ಹೇಳಿದ್ದರಲ್ಲೇ ಅರ್ಧ ಉತ್ತರ ಇದೆ. ಹೆಣವೋ, ಹಪ್ಪಳವೋ, ಕೊಳಚೆ ನೀರೋ, ಎಲ್ಲ ಕಡೆ ಒಂದು ವಸ್ತುವಿಗೆ ಏನೋ ಮಾಡಿ ಅದನ್ನು ಇನ್ನೊಂದು ಸ್ಥಿತಿಗೆ ತರುತ್ತಾರೆ. ಪಾಳಿಯಲ್ಲಿ, ಅಂದರೆ ಹಳೆಯ ಬೌದ್ಧ ಗ್ರಂಥಗಳ ಭಾಷೆಯಲ್ಲಿ, ಈ ಪದ "ಸಂಖಾರ". ಕೂಡಿಸಿ ಮಾಡುವುದು, ಕಟ್ಟುವುದು, ರೂಪ ಕೊಡುವುದು ಅಂತ ಅರ್ಥ. ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಮಾತು ಪದದೊಳಗೆ ಇಲ್ಲ. ಅಜ್ಜಿ ಅದರಲ್ಲಿ ಒಳ್ಳೆಯದನ್ನು ಮಾತ್ರ ಎತ್ತಿಕೊಂಡರು. ಬುದ್ಧ ಆ ಮಾಡುವ ಕೆಲಸವನ್ನೇ ನೋಡಿದ.

ನಿಮ್ಮ ಹೆಸರಲ್ಲೇ ಆಲೆಮನೆ ಇದೆಯಲ್ಲ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತೆ. ಮಡ್ಡಿ ತೆಗೆಯುತ್ತೀರಿ. ಪಾಕ ಹದಕ್ಕೆ ಬಂದಾಗ ಅಚ್ಚಿಗೆ ಸುರಿಯುತ್ತೀರಿ. ಆ ಕಾಯಿಸುವ, ಸುರಿಯುವ ಕೆಲಸವೂ ಸಂಖಾರ. ಕೊನೆಗೆ ಕೈಗೆ ಬರುವ ಅಚ್ಚುಬೆಲ್ಲವೂ ಸಂಖಾರ. ಪಾಳಿಯಲ್ಲಿ ಈ ಒಂದು ಪದಕ್ಕೆ ಎರಡೂ ಮುಖ ಇದೆ. ಕುಂಬಾರನೂ ಅದೇ, ಮಡಕೆಯೂ ಅದೇ. ಇದು ಗೊತ್ತಿಲ್ಲದೆ ಓದಿದರೆ ಒಂದು ಸೂತ್ರ ಇನ್ನೊಂದಕ್ಕೆ ವಿರುದ್ಧ ಅನ್ನಿಸುತ್ತೆ. ನಾನೇ ಎರಡು ವರ್ಷ ಒದ್ದಾಡಿದ್ದೇನೆ.

ಮನುಷ್ಯ ಅಂತ ನಾವು ಕರೆಯುವುದನ್ನು ಬುದ್ಧ ಐದು ರಾಶಿಯಾಗಿ ಬಿಡಿಸುತ್ತಾನೆ: ರೂಪ (ಮೈ), ವೇದನೆ (ಹಿತ ಅಹಿತದ ಅನುಭವ), ಸಂಜ್ಞೆ (ಗುರುತು ಹಿಡಿಯುವುದು), ಸಂಖಾರ, ವಿಜ್ಞಾನ (ಅರಿವು). ಇಲ್ಲಿ ನಾಲ್ಕನೆಯ ರಾಶಿ ಕುಂಬಾರನ ಕಡೆಯದು. "ಕಟ್ಟಿದ್ದನ್ನು ಕಟ್ಟುತ್ತವೆ, ಅದಕ್ಕೇ ಸಂಖಾರ" ಅಂತ ಬುದ್ಧನ ಉಪದೇಶಗಳ ಸಂಗ್ರಹಗಳಲ್ಲಿ ಒಂದಾದ ಸಂಯುತ್ತ ನಿಕಾಯದ ಖಜ್ಜನೀಯ ಸುತ್ತದಲ್ಲಿ (ಸುತ್ತ ಅಂದರೆ ಸೂತ್ರ) ಬರುತ್ತೆ. ಕೋಪ, ಆಸೆ, ನಾಚಿಕೆ, ಕರುಣೆ ಎಲ್ಲ ಇದೇ ರಾಶಿಯಲ್ಲಿ. ಪಾಳಿ ಪರಂಪರೆಯ ಬೌದ್ಧರ, ಅಂದರೆ ಥೇರವಾದದ, ತತ್ವವಿಶ್ಲೇಷಣೆಯಾದ ಅಭಿಧಮ್ಮ 52 ಚೇತಸಿಕಗಳನ್ನು, ಅಂದರೆ ಮನಸ್ಸಿನ ಅಂಶಗಳನ್ನು, ಎಣಿಸುತ್ತೆ. ವೇದನೆ, ಸಂಜ್ಞೆ ಎರಡನ್ನು ಬಿಟ್ಟು ಉಳಿದ 50 ಇದೇ ಬುಟ್ಟಿಗೆ ಬೀಳುತ್ತವೆ. ಅವುಗಳ ಯಜಮಾನ ಚೇತನ, ಅಂದರೆ "ಮಾಡಬೇಕು" ಅನ್ನುವ ಮನಸ್ಸಿನ ತುಡಿತ. "ಚೇತನವನ್ನೇ ನಾನು ಕರ್ಮ ಅನ್ನುತ್ತೇನೆ" ಅಂತ ಬುದ್ಧ ಅಂಗುತ್ತರ ನಿಕಾಯದಲ್ಲಿ ಹೇಳಿದ್ದಾನೆ.

ಮಡಕೆಯ ಕಡೆಯ ಅರ್ಥ ಬೇಕಾದರೆ ಧಮ್ಮಪದ ತೆಗೆಯಿರಿ. "ಸಬ್ಬೇ ಸಂಖಾರಾ ಅನಿಚ್ಚಾ." ಕಟ್ಟಿದ್ದೆಲ್ಲ ಅನಿತ್ಯ. ಬೆಟ್ಟ, ಕೆರೆ, ಕನ್ನಂಬಾಡಿ ಕಟ್ಟೆ, ನಾನು, ನೀವು ಎಲ್ಲ ಸೇರಿತು. ಬುದ್ಧನ ಕೊನೆಯ ಮಾತಿನಲ್ಲೂ ಇದೇ ಪದ. ಸಂಖಾರಗಳು ಅಳಿಯುವಂಥವು, ಎಚ್ಚರ ತಪ್ಪದೆ ಸಾಧಿಸಿಕೊಳ್ಳಿ ಅಂತ ಹೇಳಿ ಕಣ್ಣು ಮುಚ್ಚಿದ. ಒಂದು ಸೂಕ್ಷ್ಮ ಇದೆ. ಕಟ್ಟಿದ್ದೆಲ್ಲ ಅನಿತ್ಯ, ಕಟ್ಟಿದ್ದೆಲ್ಲ ದುಃಖ ಅಂದ ಮೇಲೆ ಮೂರನೆಯ ಪದ್ಯದಲ್ಲಿ ಪದ ಬದಲಾಗುತ್ತೆ. "ಸಬ್ಬೇ ಧಮ್ಮಾ ಅನತ್ತಾ." ಇರುವುದೆಲ್ಲದರಲ್ಲೂ "ನಾನು" ಇಲ್ಲ. ನಿಬ್ಬಾಣವನ್ನು, ಅಂದರೆ ನಿರ್ವಾಣವನ್ನು, ಯಾರೂ ಕಟ್ಟಿಲ್ಲ, ಆದ್ದರಿಂದ ಅದು ಸಂಖಾರ ಅಲ್ಲ. ಆದರೆ ಅದರಲ್ಲೂ "ನಾನು" ಇಲ್ಲ. ಅದಕ್ಕೆ ಅಲ್ಲಿ ಇನ್ನೂ ಅಗಲವಾದ ಪದ ಬೇಕಾಯಿತು.

ಜೈನರ ವಿಷಯ ನನಗೆ ಅಷ್ಟಕ್ಕಷ್ಟೆ. ಬಸದಿ ಬೀದಿ ಮೇಡಂ ಎಲ್ಲಿದ್ದೀರಿ?

ಬಸದಿ ಬೀದಿ (ಮೈಸೂರು), ಸೋಮವಾರ ಬೆಳಗ್ಗೆ 6:15

ಇಲ್ಲೇ ಇದ್ದೇನೆ. ನಾನು ಓದಿದ್ದು ಬಿ.ಕಾಂ., ಪಂಡಿತಳಲ್ಲ. ತಾತ ಸಂಜೆ ಹೊತ್ತು ಶಾಸ್ತ್ರ ಓದಿ ಹೇಳುತ್ತಿದ್ದರು, ಅದರಿಂದ ಬಂದದ್ದು.

ಆಲೆಮನೆಯವರೇ, ನಿಮ್ಮ ಅಜ್ಜಿಯ ಸಂಸ್ಕಾರ ನಮ್ಮಲ್ಲೂ ಇದೆ. ಜಿನಸೇನರ ಆದಿಪುರಾಣದಲ್ಲಿ ಗರ್ಭದಿಂದ ಹಿಡಿದು ಮೋಕ್ಷದವರೆಗೆ 53 ಕ್ರಿಯೆ ಹೇಳಿದೆ. ತರ್ಕದವರು ನೆನಪಿನ ಮಾತು ಬಂದಾಗ ಸಂಸ್ಕಾರ ಅನ್ನುತ್ತಾರೆ. ಹಿಂದೆ ಕಂಡದ್ದರ ಅಚ್ಚು ಒಳಗೆ ಉಳಿದಿರುತ್ತೆ, ಅದು ಎದ್ದಾಗ ನೆನಪು. ಆದರೆ ಪಾಳಿ ಓದುಗರು ಹೇಳಿದ "ಕಟ್ಟುವ ಕೆಲಸ" ನಮ್ಮಲ್ಲಿ ಈ ಪದದ ತಲೆ ಮೇಲೆ ಇಲ್ಲ. ಅದನ್ನು ಹೊತ್ತಿರುವುದು ಕರ್ಮ. ನಮ್ಮಲ್ಲಿ ಕರ್ಮ ಅಂದರೆ ನಿಜವಾದ ವಸ್ತು, ಪುದ್ಗಲ, ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಮೈ, ಮಾತು, ಮನಸ್ಸು ಅಲುಗಾಡಿದಾಗಲೆಲ್ಲ ಅದು ಜೀವದ ಕಡೆ ಹರಿದು ಬರುತ್ತೆ. ಇದು ಆಸ್ರವ. ಕ್ರೋಧ, ಮಾನ, ಮಾಯೆ, ಲೋಭ ಅನ್ನುವ ಅಂಟು ಇದ್ದರೆ ಮೆತ್ತಿಕೊಳ್ಳುತ್ತೆ. ಇದು ಬಂಧ.

ಕುಂದಕುಂದಾಚಾರ್ಯರ ಸಮಯಸಾರದಲ್ಲಿ ಇದಕ್ಕೊಂದು ಚಿತ್ರ ಇದೆ. ಒಬ್ಬ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಧೂಳಿನ ಜಾಗದಲ್ಲಿ ಆಯುಧ ಹಿಡಿದು ಕಸರತ್ತು ಮಾಡುತ್ತಾನೆ. ಮೈಯೆಲ್ಲ ಧೂಳು. ಧೂಳು ಅಂಟಿದ್ದು ಕಸರತ್ತಿನಿಂದಲಾ? ಎಣ್ಣೆ ಒರೆಸಿಕೊಂಡು ಅದೇ ಕಸರತ್ತು ಮಾಡಿದರೆ ಅಂಟುವುದಿಲ್ಲ. ದಸರಾ ಕುಸ್ತಿ ನೋಡಿದ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕುಂಬಾರ. ನಮ್ಮಲ್ಲೂ ಒಬ್ಬ ಕುಂಬಾರ ಇದ್ದಾನೆ! ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಎಂಟು ಕರ್ಮಕ್ಕೆ ಎಂಟು ಹೋಲಿಕೆ ಬರುತ್ತೆ. ಅವರು ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳು, ಅಂದರೆ 10ನೇ ಶತಮಾನ. ಜ್ಞಾನಾವರಣ ಮುಚ್ಚಿದ ಬಟ್ಟೆ. ಕಾಣುವುದನ್ನು ತಡೆಯುವ ದರ್ಶನಾವರಣ ಒಳಗೆ ಬಿಡದ ಬಾಗಿಲು ಕಾಯುವವನು. ಸುಖ ದುಃಖ ಉಣಿಸುವ ವೇದನೀಯ ಜೇನು ಸವರಿದ ಕತ್ತಿ. ಮೋಹನೀಯ ಹೆಂಡ. ಆಯುಷ್ಯ ಕಾಲಿಗೆ ಹಾಕುವ ಕೊರಡು. ನಾಮಕರ್ಮ ಚಿತ್ರಗಾರ. ಗೋತ್ರಕರ್ಮ ಕುಂಬಾರ. ಅಡ್ಡಿ ತರುವ ಅಂತರಾಯ ದುಡ್ಡು ಬಿಚ್ಚದ ಖಜಾನೆಯವನು. (ಈ ಕೊನೆಯವನನ್ನು ನಾವೆಲ್ಲ ಯಾವುದಾದರೂ ಕಚೇರಿಯಲ್ಲಿ ನೋಡೇ ಇರುತ್ತೇವೆ.)

ಮೈಯನ್ನು ರೂಪಿಸುವ ಕೆಲಸ ಚಿತ್ರಗಾರನದು. ಯಾವ ಗತಿ (ಯಾವ ಬಗೆಯ ಹುಟ್ಟು), ಎಷ್ಟು ಇಂದ್ರಿಯ, ಎಂಥ ಮೂಳೆ, ಎಂಥ ದನಿ ಅಂತ ನಾಮಕರ್ಮ ಒಂದರಲ್ಲೇ 93 ಬಗೆ. ಎಂಟರದ್ದೂ ಸೇರಿ 148. ಕುಂಬಾರನ ಪಾಲಿಗೆ ಬಂದದ್ದು ಗೋತ್ರ ಮಾತ್ರ. ಅವನು ದೊಡ್ಡ ಮಡಕೆಯನ್ನೂ ಮಾಡುತ್ತಾನೆ, ಸಣ್ಣ ಕುಡಿಕೆಯನ್ನೂ ಮಾಡುತ್ತಾನೆ, ಹಾಗೆ ಉಚ್ಚ ನೀಚ. ಈ ಗೋತ್ರದ ಭಾಗ ಓದುವಾಗ ನನಗೆ ಯಾವಾಗಲೂ ಒಂದು ಕಸಿವಿಸಿ. ಅದು ಬೇರೆ ಜಗಳ, ಇಲ್ಲಿ ಬೇಡ.

ಹತ್ತು ದಿನ ಮೌನ (ಮೈಸೂರು), ಸೋಮವಾರ ಮಧ್ಯಾಹ್ನ 1:20

ನಾನು ವಿಪಸ್ಸನ ಧ್ಯಾನ ಶಿಬಿರಕ್ಕೆ ಎರಡು ಸಲ ಹೋಗಿದ್ದೇನೆ. ಅಲ್ಲಿ ಸಂಖಾರ ಅನ್ನುವ ಪದ ದಿನಕ್ಕೆ ಹತ್ತು ಸಲ ಕೇಳುತ್ತೇವೆ. ಮಂಡಿ ನೋಯುತ್ತಾ ಇರುತ್ತೆ. ಅದಕ್ಕೆ ಸಿಡಿಮಿಡಿಗೊಂಡರೆ ಹೊಸ ಸಂಖಾರ. ಸುಮ್ನೆ ನೋಡುತ್ತಾ ಕೂತರೆ ಹಳೆಯದು ಮೇಲೆ ಬಂದು ಕರಗುತ್ತೆ. ಆರನೇ ದಿನ ನನಗೆ ತಂದೆಯ ಮೇಲಿದ್ದ ಇಪ್ಪತ್ತು ವರ್ಷದ ಸಿಟ್ಟು ಮೇಲೆ ಬಂದು ಅತ್ತುಬಿಟ್ಟೆ. ಅನುಭವಕ್ಕೆ ಬಂದ ಮೇಲೆ 52, 148 ಎಲ್ಲ ಯಾಕೆ ಬೇಕು?

ಪಾಳಿ ಓದುಗ, ಮಧ್ಯಾಹ್ನ 2:05

ನಿಮ್ಮ ಅನುಭವಕ್ಕೆ ಕೈ ಮುಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ಮಾತು ಮಾತ್ರ. "ಹಳೆಯದು ಒಳಗೆ ಕೂತಿದೆ, ಕಷ್ಟ ಸಹಿಸಿದರೆ ಸವೆಯುತ್ತೆ" ಅನ್ನುವ ಚಿತ್ರ ಜೈನರ ನಿರ್ಜರೆಗೆ, ಅಂದರೆ ಅಂಟಿದ ಕರ್ಮ ಉದುರಿಸುವುದಕ್ಕೆ, ಬಹಳ ಹತ್ತಿರ. ಮಜ್ಝಿಮ ನಿಕಾಯದ ದೇವದಹ ಸುತ್ತದಲ್ಲಿ ಬುದ್ಧ ನಿಗಂಠರನ್ನು, ಅಂದರೆ ಜೈನ ಮುನಿಗಳನ್ನು, ಇದರ ಮೇಲೇ ಪ್ರಶ್ನೆ ಮಾಡುತ್ತಾನೆ. ಹಿಂದೆ ಪಾಪ ಮಾಡಿದ್ದೀರಿ ಅಂತ ನಿಮಗೆ ಗೊತ್ತಾ? ಎಷ್ಟು ಸವೆದಿದೆ, ಎಷ್ಟು ಉಳಿದಿದೆ ಗೊತ್ತಾ? ಅವರು ಇಲ್ಲ ಅನ್ನುತ್ತಾರೆ. ಸುತ್ತಗಳಲ್ಲಿ ಸಂಖಾರ ಅಂದರೆ ಬೀರುವಿನಲ್ಲಿ ಇಟ್ಟ ಗಂಟು ಅನ್ನುವುದಕ್ಕಿಂತ ಈ ಕ್ಷಣ ನಡೆಯುತ್ತಿರುವ ಕೆಲಸ ಅನ್ನುವುದೇ ಜಾಸ್ತಿ. ಉಸಿರಾಟಕ್ಕೇ ಕಾಯಸಂಖಾರ ಅಂತ ಹೆಸರು.

ಇದೇ ನಿಕಾಯದ ಉಪಾಲಿ ಸುತ್ತವನ್ನೂ ಓದಿ. ನಾಳಂದದ ಮಾವಿನ ತೋಪಿನಲ್ಲಿ ನಡೆದ ವಾದ. ಉಪಾಲಿ ನಿಗಂಠ ನಾತಪುತ್ತನ, ಅಂದರೆ ಮಹಾವೀರನ, ದೊಡ್ಡ ಭಕ್ತ, ಶ್ರೀಮಂತ. ಮೈಯಿಂದ ಮಾಡಿದ್ದೇ ಹೆಚ್ಚಿನ ಪಾಪ, ಮನಸ್ಸಿನದು ಅಷ್ಟಿಲ್ಲ ಅಂತ ಅವನ ವಾದ. ಬುದ್ಧ ಮನಸ್ಸಿನದೇ ದೊಡ್ಡದು ಅನ್ನುತ್ತಾನೆ. ಉಪಾಲಿ ಸೋಲುತ್ತಾನೆ, ಶಿಷ್ಯನಾಗುತ್ತಾನೆ. ಬುದ್ಧನ ದೊಡ್ಡತನ ಏನಪ್ಪಾ ಅಂದರೆ, ಇಷ್ಟು ದಿನ ಊಟ ಹಾಕುತ್ತಿದ್ದ ನಿಗಂಠರಿಗೆ ಮುಂದೆಯೂ ಹಾಕು ಅಂತ ಅವನಿಗೆ ಹೇಳುತ್ತಾನೆ.

ಬಸದಿ ಬೀದಿ, ಸೋಮವಾರ ಸಂಜೆ 7:30

ಗೆದ್ದವರೇ ಬರೆದ ಪಂದ್ಯದ ವರದಿ ಇದು, ಅಲ್ವಾ ಸಾರ್? ಮನಸ್ಸಿಗೆ ನಮ್ಮಲ್ಲಿ ಬೆಲೆ ಇಲ್ಲ ಅಂತ ಆ ಸೂತ್ರ ಓದಿದವರೆಲ್ಲ ಅಂದುಕೊಳ್ಳುತ್ತಾರೆ. ಎಣ್ಣೆ ಹಚ್ಚಿದವನ ಕಥೆ ಹೇಳಿದೆನಲ್ಲ, ಅಲ್ಲಿ ಎಣ್ಣೆ ಅಂದರೆ ಮನಸ್ಸಿನ ರಾಗದ್ವೇಷವೇ. ನಮ್ಮ ಸಿದ್ಧಾಂತವನ್ನು ಸೂತ್ರಗಳಲ್ಲಿ ಹೇಳುವ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಗೆ ಕೊಟ್ಟ ಅರ್ಥ ನೋಡಿ: ಪ್ರಮಾದದಿಂದ, ಅಂದರೆ ಎಚ್ಚರ ತಪ್ಪಿ, ಪ್ರಾಣ ಕಳೆಯುವುದು.

ನಮ್ಮವರೂ ಸುಮ್ಮನೆ ಬಿಟ್ಟಿಲ್ಲ. ಸೂತ್ರಕೃತಾಂಗದಲ್ಲಿ ಬೌದ್ಧರ ಬಾಯಿಂದ ಒಂದು ಮಾತು ಹೇಳಿಸುತ್ತಾರೆ. ಅದು ಶ್ವೇತಾಂಬರರ ಆಗಮ, ನಾವು ದಿಗಂಬರರು ಈಗಿರುವ ಆ ಪಾಠವನ್ನು ಒಪ್ಪುವುದಿಲ್ಲ, ಆದರೂ ಮಾತು ಮಜವಾಗಿದೆ. ಸೋರೆಕಾಯಿಯನ್ನು ಮಗು ಅಂದುಕೊಂಡು ಸುಟ್ಟರೆ ಕೊಲೆಯ ಪಾಪವಂತೆ. ಮನುಷ್ಯನನ್ನೇ ಹಿಂಡಿಯ ಉಂಡೆ ಅಂದುಕೊಂಡು ಸುಟ್ಟರೆ ಪಾಪ ಇಲ್ಲವಂತೆ! ಚೇತನ ಒಂದನ್ನೇ ಹಿಡಿದು ಎಳೆದರೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಗೇಲಿ.

ರಸಬಾಳೆ, ಸಂಜೆ 7:41

ಸೋರೆಕಾಯಿ ಪಲ್ಯ ಮಾಡುವಾಗ ಇನ್ನು ಮೇಲೆ ಎಚ್ಚರ.

ಕುಕ್ಕರಹಳ್ಳಿ ವಾಕರ್ (ಮೈಸೂರು), ಸೋಮವಾರ ರಾತ್ರಿ 9:10

ನಾನು ರಿಟೈರ್ ಆದವನು, ಈ ಶಾಸ್ತ್ರ ಏನೂ ಓದಿಲ್ಲ. ಆದರೆ ಒಂದು ವಿಷಯ ಮೂರು ತಿಂಗಳಿಂದ ಕೊರೆಯುತ್ತಿದೆ. ಬೆಳಗ್ಗೆ ಕೆರೆ ಕಡೆ ವಾಕಿಂಗ್‌ಗೆ ಸ್ಕೂಟರ್‌ನಲ್ಲಿ ಹೋಗುತ್ತಿದ್ದೆ. ಇನ್ನೂ ಕತ್ತಲು. ಒಂದು ನಾಯಿಮರಿ ಚಕ್ರಕ್ಕೆ ಸಿಕ್ಕಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಯಿತು. ನಾನು ಬೇಕಂತ ಮಾಡಲಿಲ್ಲ. ನಿಮ್ಮ ಎರಡು ಲೆಕ್ಕದಲ್ಲಿ ನನಗೆ ಏನು ಬರೆದಿರುತ್ತೆ?

ಪಾಳಿ ಓದುಗ, ರಾತ್ರಿ 9:32

ಸಾರ್, ಧಮ್ಮಪದದ ಮೊದಲ ಪದ್ಯಕ್ಕೆ ಅಟ್ಠಕಥೆ, ಅಂದರೆ ಹಳೆಯ ವ್ಯಾಖ್ಯಾನ, ಹೇಳುವ ಕಥೆಯೇ ಇದು. ಚಕ್ಖುಪಾಲ ಅನ್ನುವ ಕುರುಡ ಭಿಕ್ಷು. ಮಳೆ ಬಂದ ರಾತ್ರಿ ನೆಲದ ಮೇಲೆ ಹುಳುಗಳು. ಇವರು ನಡೆದಾಡಿದ ಜಾಗದಲ್ಲೆಲ್ಲ ಸತ್ತು ಬಿದ್ದಿವೆ. ಬೇರೆ ಭಿಕ್ಷುಗಳು ಹೋಗಿ ಚಾಡಿ ಹೇಳಿದರು. ಅವನು ಕೊಲ್ಲುವುದನ್ನು ನೀವು ನೋಡಿದಿರಾ ಅಂತ ಬುದ್ಧ ಕೇಳಿದ. ಇಲ್ಲ ಅಂದರು. ನೀವು ಅವನನ್ನು ನೋಡದ ಹಾಗೆ ಅವನೂ ಹುಳುಗಳನ್ನು ನೋಡಲಿಲ್ಲ ಅಂದ. ಕೊಲ್ಲುವ ಚೇತನ ಇಲ್ಲ, ಕೊಲ್ಲುವ ಕರ್ಮ ಇಲ್ಲ.

ಬಸದಿ ಬೀದಿ, ರಾತ್ರಿ 9:50

ಅಂಕಲ್, ನಮ್ಮ ತಾತ ಇದ್ದಿದ್ದರೆ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು: ಸ್ಕೂಟರ್ ಲೈಟ್ ಸರಿ ಇತ್ತಾ? ಕುಂದಕುಂದರ ಪ್ರವಚನಸಾರದಲ್ಲಿ ಬಹಳ ನೇರವಾಗಿದೆ. ಜೀವ ಸಾಯಲಿ, ಬದುಕಲಿ, ಎಚ್ಚರ ಇಲ್ಲದೆ ನಡೆದವನಿಗೆ ಹಿಂಸೆ ಖಂಡಿತ. ಎಚ್ಚರದಿಂದ ನಡೆದವನಿಗೆ ಜೀವ ಸತ್ತರೂ ಅಷ್ಟಕ್ಕೇ ಬಂಧ ಇಲ್ಲ. ಮುನಿಗಳು ನಾಲ್ಕು ಮೊಳ ಮುಂದೆ ನೆಲ ನೋಡಿಕೊಂಡು ಹೆಜ್ಜೆ ಇಡುವುದು ಇದಕ್ಕೇ. ಅಂದರೆ ಲೈಟ್ ಹಾಕದೆ ಹೋಗಿ ಯಾವ ನಾಯಿಯೂ ಅಡ್ಡ ಬರದೆ ಇದ್ದಿದ್ದರೂ ನಿಮ್ಮ ಲೆಕ್ಕಕ್ಕೆ ಬೀಳುತ್ತಿತ್ತು.

ಕುಕ್ಕರಹಳ್ಳಿ ವಾಕರ್, ರಾತ್ರಿ 10:02

ಲೈಟ್ ಇತ್ತಮ್ಮ. ಸ್ವಲ್ಪ ಮಂಕಾಗಿತ್ತು. ಬದಲಾಯಿಸಬೇಕು ಅಂತ ಹದಿನೈದು ದಿನದಿಂದ ಅಂದುಕೊಳ್ಳುತ್ತಿದ್ದೆ.

ಬಸದಿ ಬೀದಿ, ರಾತ್ರಿ 10:06

ಅಂಕಲ್, ತಪ್ಪು ತಿಳಿಯಬೇಡಿ. ಚುಚ್ಚಲು ಹೇಳಿದ್ದಲ್ಲ.

ಕುಕ್ಕರಹಳ್ಳಿ ವಾಕರ್, ರಾತ್ರಿ 10:15

ಇಲ್ಲಮ್ಮ. ನಿನ್ನ ಉತ್ತರವೇ ನನಗೆ ಸರಿ ಅನ್ನಿಸಿತು. ನಿನ್ನ ತಪ್ಪಿಲ್ಲ ಅಂತ ಮನೆಯಲ್ಲಿ ಎಲ್ಲರೂ ಹೇಳಿದರು, ಆದರೆ ಲೈಟಿನ ವಿಷಯ ಯಾರಿಗೂ ಗೊತ್ತಿರಲಿಲ್ಲ.

ಆಲೆಮನೆ ಹುಡುಗ, ಮಂಗಳವಾರ ರಾತ್ರಿ 8:45

ಎಲ್ಲವನ್ನೂ ಎರಡೆರಡು ಸಲ ಓದಿದೆ. ಇನ್ನೂ ಒಂದು ಗಂಟು ಬಿಚ್ಚಿಲ್ಲ. ಕೆಟ್ಟದ್ದನ್ನು ಕಟ್ಟಬೇಡ ಅನ್ನುವುದು ಸರಿ. ಅಜ್ಜಿ ಹೇಳಿದ ಒಳ್ಳೆಯ ಸಂಸ್ಕಾರವನ್ನೂ ಬಿಡಬೇಕಾ? ಹಾಗಾದರೆ ಮಗಳಿಗೆ ನಾನು ಏನು ಹೇಳಿಕೊಡಲಿ?

ಪಾಳಿ ಓದುಗ, ರಾತ್ರಿ 9:20

ಪುಣ್ಯವೂ ಸಂಖಾರವೇ. ಸಂಯುತ್ತ ನಿಕಾಯದ ಒಂದು ಸುತ್ತದಲ್ಲಿ ಮೂರು ಬಗೆ ಹೇಳಿದೆ: ಪುಣ್ಯದ್ದು, ಅಪುಣ್ಯದ್ದು, ಆಳವಾದ ಧ್ಯಾನದ ಅಲುಗದ ಸ್ಥಿತಿಯದ್ದು. ಅವಿದ್ಯೆ ಇರುವ ತನಕ ಮನುಷ್ಯ ಈ ಮೂರರಲ್ಲಿ ಒಂದನ್ನು ಕಟ್ಟುತ್ತಲೇ ಇರುತ್ತಾನೆ. ಅವಿದ್ಯೆ ಹೋದವನು ಮೂರನ್ನೂ ಕಟ್ಟುವುದಿಲ್ಲ. ಆದರೆ ಇದು ದಾರಿಯ ಕೊನೆಯ ಮಾತು. ಶೀಲ ಇಲ್ಲದೆ ಅಲ್ಲಿಗೆ ಯಾರೂ ಹೋಗಿಲ್ಲ. ಮಗಳಿಗೆ ಅಜ್ಜಿ ಹೇಳಿದ್ದನ್ನೇ ಹೇಳಿಕೊಡಿ, ಧೈರ್ಯವಾಗಿ.

ಅದೇ ಸುತ್ತದ ಕೊನೆಯಲ್ಲಿ ನಮ್ಮ ಕುಂಬಾರ ಮತ್ತೆ ಬರುತ್ತಾನೆ, ಅಂದರೆ ಅವನ ಆವಿಗೆ ಬರುತ್ತೆ. ಬೆಂದ ಬಿಸಿ ಮಡಕೆಯನ್ನು ಆವಿಗೆಯಿಂದ ಎತ್ತಿ ಸಮತಟ್ಟು ನೆಲದ ಮೇಲೆ ಇಟ್ಟರೆ ಬಿಸಿ ಅಲ್ಲೇ ಆರುತ್ತೆ, ಓಡು ಮಾತ್ರ ಉಳಿಯುತ್ತೆ. ಕಟ್ಟುವುದನ್ನು ನಿಲ್ಲಿಸಿದ ಅರಹಂತ, ಅಂದರೆ ಪೂರ್ತಿ ಬಿಡುಗಡೆ ಪಡೆದವನು, ಸತ್ತಾಗ ಆಗುವುದು ಇಷ್ಟೇ ಅಂತ ಬುದ್ಧ ಹೇಳುತ್ತಾನೆ. ಬಿಸಿ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲವಲ್ಲ.

ಬಸದಿ ಬೀದಿ, ರಾತ್ರಿ 10:10

ಪುಣ್ಯದ ವಿಷಯದಲ್ಲಿ ನಮ್ಮ ನಿಮ್ಮ ಜಗಳ ಇಲ್ಲ. ಕಬ್ಬಿಣದ ಬೇಡಿಯೂ ಬೇಡಿ, ಚಿನ್ನದ ಬೇಡಿಯೂ ಬೇಡಿ ಅಂತ ಸಮಯಸಾರ ಹೇಳುತ್ತೆ.

ಆದರೆ ಕೊನೆಯ ಚಿತ್ರ ನೋಡಿ, ಎಷ್ಟು ಬೇರೆ. ತತ್ತ್ವಾರ್ಥಸೂತ್ರದ ಹತ್ತನೇ ಅಧ್ಯಾಯ, ನಮ್ಮ ದಿಗಂಬರ ಪಾಠದಲ್ಲಿ. ಕರ್ಮ ಕಳಚಿದ ಜೀವ ಯಾಕೆ ಮೇಲಕ್ಕೆ ಹೋಗುತ್ತೆ ಅನ್ನುವುದಕ್ಕೆ ನಾಲ್ಕು ಹೋಲಿಕೆ: ತಿರುಗುವ ಕುಂಬಾರನ ಚಕ್ರ, ಮಣ್ಣು ಬಿಟ್ಟ ಸೋರೆಬುರುಡೆ, ಸಿಡಿದ ಹರಳು ಬೀಜ, ದೀಪದ ಕುಡಿ. ಚಕ್ರದ ಬಗ್ಗೆ ಪೂಜ್ಯಪಾದರು ವ್ಯಾಖ್ಯಾನ ಬರೆಯುತ್ತಾ ಏನು ಹೇಳುತ್ತಾರೆ ಗೊತ್ತಾ? ಕುಂಬಾರ ಕೋಲು ತೆಗೆದರೂ "ಸಂಸ್ಕಾರ" ಮುಗಿಯುವ ತನಕ ಚಕ್ರ ತಿರುಗುತ್ತಲೇ ಇರುತ್ತೆ ಅಂತ. ನೋಡಿ, ಕೊನೆಗೂ ನಿಮ್ಮ ಪದ ನಮ್ಮ ತಿಗರಿಯ ಮೇಲೆ ಬಂತು. ಇಲ್ಲಿ ಅದಕ್ಕೆ ಉಳಿದ ವೇಗ ಅಂತ ಅರ್ಥ, ಅಷ್ಟೇ.

ನನಗೆ ಇಷ್ಟ ಸೋರೆಬುರುಡೆ. ಮೇಲೆ ಮಣ್ಣು ಮೆತ್ತಿದ್ದರೆ ಮುಳುಗುತ್ತೆ. ನೀರಲ್ಲಿ ಮಣ್ಣು ನೆನೆದು ಬಿಟ್ಟ ಹಾಗೆ ತಾನಾಗಿ ಮೇಲೇಳುತ್ತೆ. ನಿಮ್ಮ ಮಡಕೆಯಲ್ಲಿ ಬಿಸಿ ಆರುತ್ತೆ, ಓಡು ಉಳಿಯುತ್ತೆ, ಮೇಲೇಳುವುದು ಯಾವುದೂ ಇಲ್ಲ. ನಮ್ಮಲ್ಲಿ ಮಣ್ಣಿನೊಳಗೆ ಬುರುಡೆ ಇದೆ. ಮಿಕ್ಕ ವಾದವೆಲ್ಲ ಇದರಿಂದಲೇ ಹುಟ್ಟಿದ್ದು ಅಂತ ನನಗೆ ಅನ್ನಿಸುತ್ತೆ.

ಪಾಳಿ ಓದುಗ, ರಾತ್ರಿ 10:18

ಒಪ್ಪಿದೆ. ಬುರುಡೆ ಇದೆ ಅನ್ನುವುದನ್ನಲ್ಲ, ವಾದ ಅಲ್ಲಿಂದ ಹುಟ್ಟಿತು ಅನ್ನುವುದನ್ನು.

ಆಲೆಮನೆ ಹುಡುಗ, ಬುಧವಾರ ರಾತ್ರಿ 9:30

ನಾನು ಈಜು ಕಲಿತದ್ದೇ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು, ನಮ್ಮ ಗದ್ದೆ ಬಾವಿಯಲ್ಲಿ. ಮೇಡಂ ಬರೆದದ್ದು ಓದಿದಾಗ ಬೆನ್ನ ಮೇಲೆ ಅದರ ಒತ್ತು ನೆನಪಾಯಿತು. ಮುಂದಿನ ಭಾನುವಾರ ನಾಗಮಂಗಲದ ಕಡೆ ಕಂಬದಹಳ್ಳಿಗೆ ಹೋಗುತ್ತಿದ್ದೇವೆ. ಪಂಚಕೂಟ ಬಸದಿ ನಮ್ಮ ಜಿಲ್ಲೆಯಲ್ಲೇ ಇದ್ದರೂ ಒಂದು ಸಲವೂ ನೋಡಿಲ್ಲ.

ಮಗಳಿಗೆ ಕಥೆಯ ಹಾಗೆ ಎಲ್ಲ ಹೇಳಿದೆ. ಅವಳು ಒಂದು ಪ್ರಶ್ನೆ ಕೇಳಿದಳು. "ಅಪ್ಪ, ಆ ಚಿತ್ರದಲ್ಲಿ ಮೊದಲನೇ ಕುರುಡ, ಆಮೇಲಿನ ಕುಂಬಾರ, ಇಬ್ಬರೂ ಒಬ್ಬನೇನಾ?" ಇದಕ್ಕೆ ಏನು ಹೇಳಲಿ?

ಪಾಳಿ ಓದುಗ, ರಾತ್ರಿ 9:37

ಮಿಲಿಂದ ರಾಜ ನಾಗಸೇನ ಅನ್ನುವ ಭಿಕ್ಷುವಿಗೆ ಹೆಚ್ಚು ಕಡಿಮೆ ಇದನ್ನೇ ಕೇಳಿದ್ದ. ಸತ್ತು ಮತ್ತೆ ಹುಟ್ಟುವವನು ಅವನೇನಾ, ಬೇರೆಯವನಾ ಅಂತ. ಅವನೂ ಅಲ್ಲ, ಬೇರೆಯವನೂ ಅಲ್ಲ ಅಂದ ನಾಗಸೇನ. ಹಾಗೇ ಹೇಳಿ.

ಬಸದಿ ಬೀದಿ, ರಾತ್ರಿ 9:44

ನಮ್ಮನ್ನು ಕೇಳಿದರೆ ಅವನೇ. ಸ್ಥಿತಿ ಬದಲಾಗಿದೆ, ಜೀವ ಅದೇ.

ಆಲೆಮನೆ ಹುಡುಗ, ರಾತ್ರಿ 10:05

ಎರಡೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಮಡಕೆ ಯಾರಿಗೆ ಸೇರುತ್ತೆ?" ಅಂದಳು. ನಾಳೆ ಸ್ಕೂಲ್ ಇದೆ, ಮಲಗು ಅಂದೆ.